ನಲವತ್ತೊಂದು, ಗೈರು

ಕಳೆದ ತಿಂಗಳು ಹೂವಿಗೆಂದು ರಸೆಲ್ ಮಾರುಕಟ್ಟೆಗೆ ಹೋಗಿದ್ದೆ. ಸೇವಂತಿಗೆ ಕೈಗೆ ಬಂದ ಮೇಲೆ ನೆಟ್ಟಗೆ ಬಸ್ ಸ್ಟ್ಯಾಂಡಿಗೆ ನಡೆದಿದ್ದರೆ ಇದನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಆದರೆ ಶಿವಾಜಿನಗರದ ಗುಜರಿ ಅಂಗಡಿಗಳ ಗಲ್ಲಿ ಕಂಡರೆ ನನ್ನ ಕಾಲು ತಾನಾಗಿ ಆ ಕಡೆ ತಿರುಗುತ್ತದೆ, ಅದು ಹಳೆಯ ಕಾಯಿಲೆ. ಟಿವಿ ರಿಮೋಟುಗಳ ಗುಡ್ಡೆಯ ಕೆಳಗೆ ಬೂದು ಬಣ್ಣದ ಡಬ್ಬಿಯೊಂದರ ಮೂಲೆ ಕಾಣಿಸಿತು. ಎಳೆದು ನೋಡಿದೆ. ಮುಂಭಾಗದಲ್ಲಿ ಸಾಲಾಗಿ ಎಂಟು ಸಣ್ಣ ದೀಪಗಳಿದ್ದ ಮೋಡೆಮ್ಮು. ಒಂದು ಕಾಲಕ್ಕೆ ಕಂಪ್ಯೂಟರನ್ನು ಟೆಲಿಫೋನ್ ತಂತಿಗೆ ಜೋಡಿಸುತ್ತಿದ್ದ, ಜೋಡಿಸುವಾಗಲೆಲ್ಲ ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕಿರುಚುತ್ತಿದ್ದ ಡಬ್ಬಿ.

"ಲೈಟ್ ಎಲ್ಲಾ ಬರ್ತದೆ ಮೇಡಂ, ನೋಡಿ," ಎಂದು ಅಂಗಡಿಯವನು ಯಾವುದೋ ಅಡಾಪ್ಟರ್ ಹುಡುಕಿ ಚುಚ್ಚಿದ. ಎರಡು ಕೆಂಪು ದೀಪ ಹತ್ತಿದವು. ಸ್ವಲ್ಪ ಹೊತ್ತಿಗೆ ಒಳಗಿದ್ದ ಧೂಳು ಬಿಸಿಯಾಗಿ ಆ ವಾಸನೆ ಎದ್ದಿತು... ಕಾದ ಪ್ಲಾಸ್ಟಿಕ್ಕು, ಸುಟ್ಟ ಧೂಳು. ಅದರ ಹಿಂದೆಯೇ, ಅಲ್ಲೆಲ್ಲೂ ಇಲ್ಲದ ಟೈಪ್‌ರೈಟರ್ ಎಣ್ಣೆಯ ವಾಸನೆ, ರಿಬ್ಬನ್ನಿನ ವಾಸನೆ ನನಗೆ ಬಂತು. ಹೂವಿನ ಕವರು ಹಿಡಿದುಕೊಂಡು ಗಲ್ಲಿಯ ನಡುವೆ ಅಳುತ್ತ ನಿಂತೆ. ಅಂಗಡಿಯವನು ಪಾಪ, ಬೆಲೆ ಹೇಳುವುದಕ್ಕೂ ಹೆದರಿದ.

ಹಲಸೂರಿನ ಬಜಾರ್ ಬೀದಿಯಲ್ಲಿ, ಹೂವಿನ ಅಂಗಡಿಯ ಮೇಲಿನ ಮಹಡಿಯಲ್ಲಿ, ನಮ್ಮ ಟೈಪಿಂಗ್ ಮೇಷ್ಟ್ರ ಇನ್‌ಸ್ಟಿಟ್ಯೂಟ್ ಇತ್ತು. ಹನ್ನೆರಡು ಟೈಪ್‌ರೈಟರು, ಒಂದು ಗೋಡೆ ಗಡಿಯಾರ, ಮೇಷ್ಟ್ರ ಕೈಯಲ್ಲಿ ಮರದ ಸ್ಕೇಲು. ಆ ಸ್ಕೇಲಿನಿಂದ ಅವರು ಯಾರಿಗೂ ಹೊಡೆದವರಲ್ಲ, ಮೇಜಿನ ಅಂಚಿಗೆ ಬಡಿದು ತಾಳ ಹಾಕುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿದ ಹಲಸೂರಿನ ಮಕ್ಕಳೆಲ್ಲ ಒಂದಲ್ಲ ಒಂದು ಬೇಸಿಗೆಯಲ್ಲಿ ಆ ಮೆಟ್ಟಿಲು ಹತ್ತಿದವರೇ. ಮೇಷ್ಟ್ರು ಮದುವೆಯಾಗಿರಲಿಲ್ಲ. ಹಿಂದಿನ ಮನೆಯಲ್ಲಿ ತಮ್ಮನ ಸಂಸಾರದ ಜೊತೆ ಊಟ, ಮಹಡಿಯ ಮೇಲೆ ಉಳಿದ ಬದುಕು.

ಅವರ ನಾಲಿಗೆಗೆ ಯಾರ ಹೆಸರೂ ಬರುತ್ತಿರಲಿಲ್ಲ. ಹಾಜರಿ ಪುಸ್ತಕದ ನಂಬರೇ ನಮ್ಮ ಹೆಸರು. ನಾನು ಇಪ್ಪತ್ತೇಳು. ನನಗೆ ಮದುವೆಯಾಗಿ, ಮಗಳು ಹೈಸ್ಕೂಲಿಗೆ ಬಂದ ಮೇಲೂ ಅವರ ಪಾಲಿಗೆ ನಾನು ಇಪ್ಪತ್ತೇಳೇ. ಬೀದಿಯಲ್ಲಿ ಎದುರಾದರೆ, "ಏನಮ್ಮ ಇಪ್ಪತ್ತೇಳು, ಬೆನ್ನು ನೆಟ್ಟಗೆ," ಎನ್ನುತ್ತಿದ್ದರು. ನಾನು ತರಕಾರಿ ಚೀಲ ಹೊತ್ತುಕೊಂಡೇ ಬೆನ್ನು ನೆಟ್ಟಗೆ ಮಾಡುತ್ತಿದ್ದೆ.

ಅವರಲ್ಲಿ ಒಂದು ವಿದ್ಯೆ ಇತ್ತು. ನಮಗೆ ಬೆನ್ನು ಹಾಕಿ ಕಿಟಕಿಯಾಚೆ ನೋಡುತ್ತ ನಿಲ್ಲುತ್ತಿದ್ದರು. ಹನ್ನೆರಡು ಮಿಷನ್ನುಗಳ ಗದ್ದಲದಲ್ಲಿ, ತಿರುಗಿಯೂ ನೋಡದೆ, "ಒಂಬತ್ತು, ಕಿರುಬೆರಳಿಗೆ ಸೋಮಾರಿತನ ಬಂದಿದೆ," ಎನ್ನುವರು. ಒಂಬತ್ತನೆಯವಳು ಬೆಚ್ಚಿಬಿದ್ದು ಕಿರುಬೆರಳು ನೆಟ್ಟಗೆ ಮಾಡಿಕೊಳ್ಳುವಳು. ಒಬ್ಬೊಬ್ಬರ ಕೈಗೂ ಒಂದೊಂದು ನಡಿಗೆ ಇರುತ್ತದೆ ಎಂದು ಅವರ ನಂಬಿಕೆ. ಮುಖ ಮರೆಯಬಹುದು, ಕೈಯ ನಡಿಗೆ ಮರೆಯುವುದಿಲ್ಲ ಎನ್ನುತ್ತಿದ್ದರು.

ನನ್ನ ಪಕ್ಕದ ಮಿಷನ್ನಿನಲ್ಲಿ ಕೂರುತ್ತಿದ್ದವನು ನಲವತ್ತೊಂದು. ರಾಯಚೂರು ಕಡೆಯವನು. ಅಪ್ಪ ಅಮ್ಮ ಗಾರೆ ಕೆಲಸಕ್ಕೆಂದು ಬಂದು ಕೆ.ಆರ್. ಪುರದಲ್ಲಿ ಬಾಡಿಗೆ ರೂಮು ಹಿಡಿದಿದ್ದರು. ಇವನು ಸಣ್ಣದೊಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿ, ಪ್ರೆಸ್ ಮಿಷನ್ನಿಗೆ ಬಲಗೈಯ ಎರಡು ಬೆರಳು ಕೊಟ್ಟು ಬಂದಿದ್ದ. ಅಂಥವನು ಟೈಪಿಂಗ್ ಕಲಿಯುತ್ತೇನೆ ಎಂದರೆ ಬೇರೆಯವರು ನಕ್ಕು ಕಳಿಸುತ್ತಿದ್ದರೇನೋ. ಮೇಷ್ಟ್ರು ಒಂದು ವಾರ ತಮ್ಮ ಬಲಗೈಯ ಅದೇ ಎರಡು ಬೆರಳನ್ನು ದಾರದಿಂದ ಮಡಿಸಿ ಕಟ್ಟಿಕೊಂಡು ತಾವೇ ಟೈಪ್ ಮಾಡಿ ನೋಡಿದರು. ಯಾವ ಅಕ್ಷರಕ್ಕೆ ಯಾವ ಬೆರಳು ಹಾರಬೇಕು ಎಂದು ಅವನೊಬ್ಬನಿಗಾಗಿ ಹೊಸ ಚಾರ್ಟು ಬರೆದರು. ಅವನ ಮಿಷನ್ನಿನ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಮೂರು ಅಕ್ಷರ ಸರಸರ, ಆಮೇಲೆ ಕೈ ಹಾರುವಷ್ಟು ಬಿಡುವು, ಮತ್ತೆ ಎರಡು ಅಕ್ಷರ. ಹೊಂಡ ದಾಟಿಕೊಂಡು ನಡೆದ ಹಾಗೆ.

ಇಂಥ ಮೇಷ್ಟ್ರು ಅವನಿಗೇ ಒಂದು ಅನ್ಯಾಯ ಮಾಡಿದರು. ಮೆಟ್ಟಿಲ ಬಾಗಿಲಲ್ಲಿ "ನೂರಕ್ಕೆ ನೂರು ಫಲಿತಾಂಶ" ಎಂಬ ಫಲಕ ಇತ್ತು. ವರ್ಷ ವರ್ಷವೂ ತಾವೇ ಸ್ಟೂಲು ಹತ್ತಿ ಅದಕ್ಕೆ ಬಣ್ಣ ಬಳಿಯುತ್ತಿದ್ದರು. ಪರೀಕ್ಷೆಗೆ ಅರ್ಜಿ ಕಳಿಸುವ ಕೊನೆಯ ದಿನ ನಮ್ಮೆಲ್ಲರ ಅರ್ಜಿಗಳು ಹೋದವು. ನಲವತ್ತೊಂದರದು ಮೇಷ್ಟ್ರ ಡ್ರಾಯರಿನಲ್ಲೇ ಉಳಿಯಿತು. ಅವನ ಊರಿನ ಕಡೆ ಗುಮಾಸ್ತೆ ಕೆಲಸಕ್ಕೆ ಅರ್ಜಿ ಕರೆದಿದ್ದರು, ಆ ಸರ್ಟಿಫಿಕೇಟು ಆ ವರ್ಷವೇ ಬೇಕಿತ್ತು. ಅದು ಮೇಷ್ಟ್ರಿಗೂ ಗೊತ್ತಿತ್ತು. "ಮುಂದಿನ ಸಲ ಕಟ್ಟು, ಇನ್ನೂ ಸ್ವಲ್ಪ ಸ್ಪೀಡ್ ಬರ್ಲಿ," ಎಂದರು. ಅವನು ಎದುರಾಡಲಿಲ್ಲ. ಪಾಠ ಮುಗಿಸಿ ಏಳುವಾಗ ಮಿಷನ್ನಿಗೆ ಬಟ್ಟೆಯ ಗವಸು ಹಾಕಿ, ಕುರ್ಚಿಯನ್ನು ಮೇಜಿನ ಕೆಳಗೆ ತಳ್ಳಬೇಕು ಎಂಬುದು ನಮ್ಮಲ್ಲಿ ಕಡ್ಡಾಯ. ಅವನು ಗವಸು ಹಾಕಿದ, ನಾಲ್ಕು ಮೂಲೆಯನ್ನೂ ಎಳೆದು ಸರಿ ಮಾಡಿದ, ಕುರ್ಚಿ ತಳ್ಳಿದ, ಮೆಟ್ಟಿಲಿಳಿದು ಹೋದ. ಆ ವರ್ಷವೂ ನಮ್ಮ ಫಲಿತಾಂಶ ನೂರಕ್ಕೆ ನೂರು.

ಆಮೇಲೆ ಟೈಪ್‌ರೈಟರಿನ ಕಾಲ ಮುಗಿಯುತ್ತ ಬಂತು. ಮೇಷ್ಟ್ರು ಹೆದರುವ ಪೈಕಿ ಅಲ್ಲ. ಕಂಪ್ಯೂಟರೊಂದನ್ನು ತಂದರು, ಅದಕ್ಕೆ ಮೋಡೆಮ್ಮು ಹಚ್ಚಿದರು, ಎಲ್ಲೋ ಓದಿ ಯಾರನ್ನೋ ಕೇಳಿ "ಬೋರ್ಡು" ಎಂಬುದೊಂದನ್ನು ನಡೆಸತೊಡಗಿದರು. ಅದೇನೂ ಬ್ರಹ್ಮವಿದ್ಯೆಯಲ್ಲ. ಹೊರಗಿನವರು ತಮ್ಮ ಕಂಪ್ಯೂಟರಿನಿಂದ ಇನ್‌ಸ್ಟಿಟ್ಯೂಟಿನ ಫೋನ್ ನಂಬರಿಗೆ ಡಯಲ್ ಮಾಡಬೇಕು. ಮೋಡೆಮ್ಮುಗಳೆರಡೂ ಕಿರುಚಾಡಿ ರಾಜಿಯಾದ ಮೇಲೆ ಮೇಷ್ಟ್ರ ಪರದೆಯ ಮೇಲಿನ ನೋಟೀಸು ಅವರ ಪರದೆಯಲ್ಲಿ ಕಾಣುತ್ತದೆ. ಪತ್ರ ಬರೆದಿಡಬಹುದು. ಮೇಷ್ಟ್ರು ಕೂತಿದ್ದರೆ ಇಬ್ಬರೂ ಟೈಪ್ ಮಾಡಿಕೊಂಡೇ ಮಾತಾಡಬಹುದು. ಅವರು ಒತ್ತಿದ ಒಂದೊಂದು ಅಕ್ಷರವೂ ಒತ್ತಿದ ಹೊತ್ತಿಗೇ ಇಲ್ಲಿ ಮೂಡುತ್ತದೆ. ಇರುವುದು ಒಂದೇ ಲೈನು, ಒಂದು ಸಲಕ್ಕೆ ಒಬ್ಬರು. ಹಳೇ ವಿದ್ಯಾರ್ಥಿಗಳು ಆಫೀಸುಗಳಿಂದ ಕದ್ದು ಕರೆ ಮಾಡುತ್ತಿದ್ದರು. ಹೆಸರು ಬರೆಯುವ ಮೊದಲೇ ಮೇಷ್ಟ್ರು ನಂಬರು ಹೇಳುತ್ತಿದ್ದರು.

ಇಂಟರ್ನೆಟ್ ಮನೆಮನೆಗೆ ಬಂದ ಮೇಲೆ ಆ ಕರೆಗಳೂ ನಿಂತವು. ಯಾರಿಗೆ ಬೇಕು ಕಿರುಚುವ ಡಬ್ಬಿ. ಮೇಷ್ಟ್ರು ಮಾತ್ರ ಸಂಜೆ ಐದಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆ ಪರದೆಯ ಮುಂದೆ ಕೂರುವುದನ್ನು ಬಿಡಲಿಲ್ಲ. ಒಂದು ಸಂಜೆ ಯಾರೋ ಹೆಸರಿಲ್ಲದೆ ಒಳಗೆ ಬಂದರಂತೆ. ಇನ್‌ಸ್ಟಿಟ್ಯೂಟಿನಲ್ಲಿ ಹೊಸಬರಿಗೆ ಕಲಿಸುತ್ತಿದ್ದ ಮೊದಲ ಪಾಠದ ಅಕ್ಷರಗಳನ್ನು ಸುಮ್ಮನೆ ಟೈಪ್ ಮಾಡತೊಡಗಿದರಂತೆ. ಮೂರು ಅಕ್ಷರ, ಬಿಡುವು, ಎರಡು ಅಕ್ಷರ... ಮೇಷ್ಟ್ರು "41?" ಎಂದು ಬರೆದರು. ಬಹಳ ಹೊತ್ತಾದ ಮೇಲೆ ಆ ಕಡೆಯಿಂದ "ಪ್ರೆಸೆಂಟ್ ಸರ್" ಎಂದು ಇಂಗ್ಲಿಷಿನಲ್ಲಿ ಮೂಡಿತು.

ಅಲ್ಲಿಂದ ಮುಂದೆ ಎಷ್ಟೋ ವರ್ಷ ಅವನು ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಬರುತ್ತಿದ್ದ. ಎಲ್ಲಿದ್ದೀಯ ಎಂದರೆ ಉತ್ತರ ಇಲ್ಲ. ಪಾಠದ ಸಾಲು ಟೈಪ್ ಮಾಡುವುದು, ಮೇಷ್ಟ್ರು ತಪ್ಪು ತಿದ್ದುವುದು, ಅಷ್ಟೇ. ಬೋರ್ಡಿಗೆ ಬರುವವನು ಅವನೊಬ್ಬನೇ ಉಳಿದಿದ್ದ ಕಾಲದಲ್ಲಿ ಮೇಷ್ಟ್ರು ನನ್ನ ಹತ್ತಿರ ಬಾಯಿ ಬಿಟ್ಟರು.

"ಪ್ರತಿ ಸಲಾನೂ ಇವತ್ತು ಹೇಳ್ಬಿಡ್ತೀನಿ ಅನ್ಕೋತೀನಮ್ಮ. ಅಷ್ಟರಲ್ಲಿ ಅವನು ಲೈನ್ ಕಟ್ ಮಾಡ್ತಾನೆ."

"ಏನು ಹೇಳ್ಬೇಕು ಸಾರ್?"

"ಅರ್ಜಿ ಇಟ್ಕೊಂಡಿದ್ದು ನನ್ನ ತಪ್ಪು ಅಂತ. ನನ್ನ ನೂರಕ್ಕೆ ನೂರು ಉಳಿಸ್ಕೊಳ್ಳೋಕೆ ಅವನನ್ನ ಬಿಟ್ಬಿಟ್ಟೆ ಅಂತ." ಸ್ಕೇಲು ಮೇಜಿನ ಮೇಲೆ ಸುಮ್ಮನೆ ಇತ್ತು. "ಬಾಯಲ್ಲಿ ಹೇಳೋಕೆ ನಂಗೆ ಬರಲ್ಲ. ಟೈಪ್ ಮಾಡಿ ಹೇಳ್ಬಹುದು."

ಹೇಳಲಿಲ್ಲ. ಮುಂದಿನ ಸಲ, ಮುಂದಿನ ಸಲ ಎಂದುಕೊಳ್ಳುತ್ತಲೇ ಆರೇಳು ವರ್ಷದ ಹಿಂದೆ ಬಜಾರ್ ಬೀದಿಯ ಚರಂಡಿ ಅಗೆದರು. ಫೋನಿನ ತಾಮ್ರದ ತಂತಿ ತುಂಡಾಯಿತು. ಹಳೇ ತಂತಿ ಇನ್ನು ಎಳೆಯುವುದಿಲ್ಲ, ನಂಬರು ವಾಪಸು ಕೊಡಿ ಎಂದರು. ಮೊಬೈಲು ಬಂದ ಮೇಲೆ ಆ ಬೀದಿಯಲ್ಲಿ ಬೇರೆ ಯಾರಿಗೂ ಅದರ ಚಿಂತೆ ಇರಲಿಲ್ಲ.

ಆಗ ನಾನು ಇಂದಿರಾನಗರದಲ್ಲಿ ಮನೆಗಳಿಗೆ ಇಂಟರ್ನೆಟ್ ಕೊಡುವ ಸಣ್ಣ ಆಫೀಸೊಂದರಲ್ಲಿ ಕೆಲಸಕ್ಕಿದ್ದೆ. ಮೇಷ್ಟ್ರು ಒಂದು ಬೆಳಿಗ್ಗೆ ಮೋಡೆಮ್ಮನ್ನು ಪೇಪರಿನಲ್ಲಿ ಸುತ್ತಿಕೊಂಡು ಅಲ್ಲಿಗೇ ಬಂದರು. "ಇದನ್ನ ನಿಮ್ಮ ಇಂಟರ್ನೆಟ್ಟಿಗೆ ಸಿಕ್ಕಿಸ್ಕೊಡಮ್ಮ ಇಪ್ಪತ್ತೇಳು. ಅವನು ಡಯಲ್ ಮಾಡಿ ಮಾಡಿ ನೋಡ್ತಿರ್ತಾನೆ." ಆಫೀಸಿನ ಹುಡುಗರು ಮುಸಿಮುಸಿ ನಕ್ಕರು. ನನಗೆ ರೋಷ ಬಂತು. ಮಾಡಿಯೇ ತೋರಿಸುತ್ತೇನೆ ಎಂದು ಒಪ್ಪಿಕೊಂಡೆ.

ಹೇಳಿದಷ್ಟು ಸುಲಭವಿರಲಿಲ್ಲ. ಮೊದಲು ಇಂಟರ್ನೆಟ್ ಮೂಲಕ ಫೋನ್ ಮಾಡುವ ಸಾಧನಕ್ಕೆ ಮೋಡೆಮ್ಮು ಜೋಡಿಸಿದೆ. ಅದು ಮನುಷ್ಯರ ಮಾತಿಗೆಂದು ಮಾಡಿದ್ದು. ದನಿಯನ್ನು ಚೂರುಚೂರು ಮಾಡಿ ಕಳಿಸುತ್ತದೆ, ತಡವಾಗಿ ಬಂದ ಚೂರನ್ನು ಎಸೆಯುತ್ತದೆ, ಸುಮ್ಮನಿರುವ ಗಳಿಗೆಯನ್ನು ನುಂಗಿಹಾಕುತ್ತದೆ. ಮನುಷ್ಯರಾದರೆ ಬಿಟ್ಟುಹೋದದ್ದನ್ನು ಊಹಿಸಿಕೊಳ್ಳುತ್ತೇವೆ. ಮೋಡೆಮ್ಮಿಗೆ ಊಹೆ ಗೊತ್ತಿಲ್ಲ, ಕಿರುಚಿ ಕಿರುಚಿ ಸಾಕಾಗಿ ಲೈನು ಬಿಡುತ್ತಿತ್ತು. "ನಿಧಾನ ಮಾಡು," ಎಂದರು ಮೇಷ್ಟ್ರು. "ನಿಮಗೆ ಏನು ಹೇಳ್ಕೊಟ್ಟಿದ್ದೆ? ಮೊದ್ಲು ತಪ್ಪಿಲ್ಲದೆ ಹೊಡೀಬೇಕು, ಸ್ಪೀಡು ಆಮೇಲೆ." ವೇಗವನ್ನು ಇಳಿಸುವಷ್ಟು ಇಳಿಸಿದ ಮೇಲೆ ನಿಜವಾಗಿಯೂ ಲೈನು ಹಿಡಿಯಿತು. ಮೂರು ನಿಮಿಷ ನಡೆದು ಸತ್ತಿತು. ಹದಿನೈದು ದಿನ ಗುದ್ದಾಡಿದ್ದೇ ಬಂತು.

ಕೊನೆಗೆ ಬೇರೆ ದಾರಿ ಹಿಡಿದೆ. ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ. ಒಂದು ಕಡೆ ಇಂಟರ್ನೆಟ್, ಇನ್ನೊಂದು ಕಡೆ ಮೇಷ್ಟ್ರ ಹಳೇ ಕಂಪ್ಯೂಟರು. ಕಂಪ್ಯೂಟರಿನ ಹತ್ತಿರ ಅದು ತಾನೇ ಮೋಡೆಮ್ಮು ಎಂದು ನಟಿಸುತ್ತದೆ. ಇಂಟರ್ನೆಟ್ಟಿನಿಂದ ಯಾರಾದರೂ ಬಂದರೆ, ಫೋನು ಬಂತು ಎನ್ನುತ್ತದೆ. ಹಳೇ ಫೋನಿನ ಹಾಗೆಯೇ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಬಾಗಿಲು, ಎರಡನೆಯವರಿಗೆ ಲೈನ್ ಬ್ಯುಸಿ. ಸದ್ದಿಲ್ಲದೆ ಮೇಷ್ಟ್ರಿಗೆ ಬೇಸರವಾಗಬಾರದು ಎಂದು ಅವರ ಮೋಡೆಮ್ಮಿನ ಕಿರುಚಾಟವನ್ನೇ ರೆಕಾರ್ಡು ಮಾಡಿ, ಪ್ರತಿ ಕರೆಗೂ ಅದು ಮೊಳಗುವ ಹಾಗೆ ಒಂದು ಸ್ಪೀಕರ್ ಕೂರಿಸಿದೆ. ಮೊದಲ ಸಲ ಅದನ್ನು ಕೇಳಿ ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಂಡರು. ನನಗೆ ನನ್ನ ಬಗ್ಗೆ ಬಹಳ ಹೆಮ್ಮೆ ಎನಿಸಿತು. ಹೊಸ ವಿಳಾಸವನ್ನು ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹಾಕಿ, ಎಲ್ಲರಿಗೂ ಹಂಚಿ ಎಂದೆ.

ಒಂದೇ ಕೊರತೆ. ಇಂಟರ್ನೆಟ್ಟಿನಲ್ಲಿ ಅಕ್ಷರಗಳು ಒಂದೊಂದಾಗಿ ಬರುವುದಿಲ್ಲ, ಕೆಲವು ಸಲ ನಾಲ್ಕೈದು ಒಟ್ಟಿಗೆ ಬಂದು ಬೀಳುತ್ತವೆ. "ಹಾಗಾದ್ರೆ ಕೈ ಗೊತ್ತಾಗೋದು ಕಷ್ಟ," ಎಂದು ಮೇಷ್ಟ್ರ ಮುಖ ಸಣ್ಣದಾಯಿತು. ಈ ಮಾತು ನನ್ನ ತಲೆಯಲ್ಲಿ ಉಳಿಯಿತು. ಇನ್ನು ಮೇಲೆ ಇವರಿಗೆ ಯಾರ ಕೈ ಯಾವುದು ಎಂದು ತಿಳಿಯುವುದಿಲ್ಲ ಎಂದೇ ತಿಳಿದುಕೊಂಡೆ.

ಮಾರನೆಯ ದಿನ ಮಧ್ಯಾಹ್ನ ಅವರ ಫೋನು. "ಇಪ್ಪತ್ತೇಳು, ಬೆಳಗ್ಗೆಯಿಂದ ಹನ್ನೊಂದು ಜನ ಬಂದ್ರು."

ನನಗೆ ಅನುಮಾನ ಬಂತು. ಸಂಜೆ ಹೋಗಿ ಡಬ್ಬಿಯ ದಾಖಲೆ ತೆಗೆದು ನೋಡಿದೆ. ಅಂದುಕೊಂಡದ್ದೇ ಆಗಿತ್ತು. ಇಂಟರ್ನೆಟ್ಟಿಗೆ ಒಂದು ಬಾಗಿಲು ತೆರೆದರೆ ಸಾಕು, ಎಲ್ಲೆಲ್ಲಿಂದಲೋ ಯಂತ್ರಗಳು ಬಂದು ಬಡಿಯುತ್ತವೆ. ಯಾರೂ ಕೂತು ನಡೆಸುವುದಲ್ಲ, ತಾವಾಗಿಯೇ ಊರೂರು ಅಲೆಯುವ ಪ್ರೋಗ್ರಾಮುಗಳು. ಹೆಸರು ಕೇಳಿದರೆ ಅಡ್ಮಿನ್ ಎನ್ನುತ್ತವೆ, ಗುಟ್ಟಿನ ಪದ ಕೇಳಿದರೆ ಒಂದು ಎರಡು ಮೂರು ನಾಲ್ಕು ಎನ್ನುತ್ತವೆ, ಬೀಗ ಬಿಚ್ಚದಿದ್ದರೆ ಕಾಲು ಗಂಟೆ ಪಟ್ಟು ಹಿಡಿದು ಕೂತು ಹೋಗುತ್ತವೆ. ಹಿಂದೆಯೇ ಇನ್ನೊಂದು ಬರುತ್ತದೆ. ಇದು ನನ್ನ ಕೆಲಸದಲ್ಲಿ ದಿನಬೆಳಗಾದರೆ ಕಾಣುವ ವಿಷಯ. ಪೋರ್ಟ್ ಎನ್ನುವ ಆ ಬಾಗಿಲಿನ ಸಂಖ್ಯೆಯನ್ನು ಬದಲಾಯಿಸಿದ್ದರೆ ಹೆಚ್ಚುಕಡಿಮೆ ಎಲ್ಲವೂ ನಿಲ್ಲುತ್ತಿದ್ದವು.

"ಎಲ್ಲರೂ ಅಡ್ಮಿನ್ ಅಂತಾರಲ್ಲಮ್ಮ, ಯಾರಿವರು?" ಎಂದರು ಮೇಷ್ಟ್ರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಪಕ್ಕದಲ್ಲಿ ಹೊಸ ಹಾಜರಿ ಪುಸ್ತಕ. ತಿಂಗಳಿಗೊಮ್ಮೆ ಸದ್ದಾದರೆ ಹೆಚ್ಚು ಎಂಬಂತಿದ್ದ ಆ ಕೋಣೆಯಲ್ಲಿ ಕಾಲು ಗಂಟೆಗೊಮ್ಮೆ ಮೋಡೆಮ್ಮು ಕಿರುಚುತ್ತಿತ್ತು. ನನ್ನ ಬಾಯಿಂದ ಸುಳ್ಳು ಹೊರಟೇ ಹೋಯಿತು.

"ಹಳೇ ಸ್ಟೂಡೆಂಟ್ಸೇ ಇರ್ಬೇಕು ಸಾರ್. ಹೆಸರು ಹೇಳೋಕೆ ನಾಚ್ಕೋತಾರೆ."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಇರ್ಬೇಕು... ಇರ್ಬೇಕು," ಎಂದರು.

ನಾಳೆ ಹೇಳಿದರಾಯಿತು, ನಾಳೆ ಸರಿ ಮಾಡಿದರಾಯಿತು ಎಂದು ಹತ್ತು ತಿಂಗಳು ಕಳೆದೆ. ಹೋದಾಗಲೆಲ್ಲ, "ಇವತ್ತು ಎಷ್ಟು ಜನ ಸಾರ್?" ಎಂದು ಕೇಳುತ್ತಿದ್ದೆ. "ಬೇಕಾದಷ್ಟು," ಎನ್ನುತ್ತಿದ್ದರು. ನಾನು ಖುಷಿಯಿಂದ ತಂದಿದ್ದ ಖಾರಾ ಬನ್ನನ್ನು ಬಿಚ್ಚುತ್ತಿದ್ದೆ. ಎದ್ದು ಹೊರಡುವಾಗ ಅವರು ಪ್ರತಿ ಸಲವೂ ಒಂದೇ ಮಾತು ಕೇಳುವರು. "ಲೈನು ಸರಿಯಾಗಿದೆ ತಾನೆ? ಬರೋರಿಗೆ ತೊಂದ್ರೆ ಇಲ್ಲ ತಾನೆ?" ಯಾರ ಬಗ್ಗೆ ಕೇಳುತ್ತಿದ್ದಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಇಲ್ಲ ಸಾರ್, ಲೈನು ಸರಿಯಾಗಿದೆ ಎನ್ನುತ್ತಿದ್ದೆ. ಒಂದು ಸಲಕ್ಕೆ ಒಬ್ಬರೇ ಎಂಬ ನಿಯಮವನ್ನು ಆ ಡಬ್ಬಿಗೆ ಬರೆದವಳು ನಾನೇ. ಒಳಗೆ ಯಂತ್ರ ಕೂತಿದ್ದರೆ ಹೊರಗೆ ಯಾರು ನಿಂತಿರಬಹುದು ಎಂದು ಒಂದು ದಿನವೂ ಯೋಚಿಸಲಿಲ್ಲ. ಯೋಚಿಸಲಿಲ್ಲ ಎಂದರೆ ಅದೂ ಪೂರ್ತಿ ನಿಜವಲ್ಲ... ಯೋಚನೆ ಬಂದಾಗ ಬೇರೆ ಕೆಲಸ ನೋಡಿಕೊಂಡೆ.

ಬೇಸಿಗೆಯ ಕೊನೆಗೆ ಮೇಷ್ಟ್ರಿಗೆ ಉಸಿರಿನ ತೊಂದರೆ ಶುರುವಾಗಿ ಆಸ್ಪತ್ರೆ ಸೇರಿದರು. ಆರು ದಿನ. ಕೊನೆಕೊನೆಗೆ ಮಾತು ಕಡಿಮೆಯಾಯಿತು, ಎಡಗೈ ಮಾತ್ರ ಹೊದಿಕೆಯ ಮೇಲೆ ಆಡುತ್ತಿತ್ತು. ತೋರುಬೆರಳು ಒಮ್ಮೆ, ಕಿರುಬೆರಳು ಒಮ್ಮೆ. ಮತ್ತೆ ತೋರುಬೆರಳು, ಕಿರುಬೆರಳು. ಅವರಿಂದಲೇ ಕಲಿತವಳಿಗೆ ಅದು ಯಾವ ಕೀಲಿ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಲ್ಕು, ಒಂದು. "ಬಂದ್ನಾ?" ಎಂದು ಕೇಳಿದರು. ಬರ್ತಾನೆ ಸಾರ್ ಎಂದೆ. ಮಾರನೆಯ ಬೆಳಿಗ್ಗೆ ಹೋಗಿಬಿಟ್ಟರು.

ವೈಕುಂಠ ಸಮಾರಾಧನೆ ಮುಗಿದ ವಾರ ಅವರ ತಮ್ಮನ ಮಗ ಫೋನು ಮಾಡಿ, ಮಹಡಿ ಖಾಲಿ ಮಾಡಬೇಕು, ನಿಮ್ಮ ಸಾಮಾನು ತಗೊಂಡು ಹೋಗಿ ಅಕ್ಕ ಎಂದ. ಒಂದು ಬೆಳಿಗ್ಗೆ ಹೋದೆ. ನಾನು ಒಳಗೆ ಕಾಲಿಡುವಾಗಲೂ ಆ ಡಬ್ಬಿ ಕಿರುಚುತ್ತಿತ್ತು. ಕೂತು ನೋಡುವವರಿಲ್ಲದ ಪರದೆಯ ಮೇಲೆ ಅಡ್ಮಿನ್, ಅಡ್ಮಿನ್ ಎಂದು ಬೀಳುತ್ತಿತ್ತು. ವೈರು ಕಿತ್ತೆ. ಆಗ ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು.

"ಮೇಷ್ಟ್ರು ಅದಾರೇನ್ರೀ?"

ತಲೆ ನರೆತಿದ್ದ ಒಬ್ಬ ಮನುಷ್ಯ. ಎಡಗೈಯಲ್ಲಿ ಬಾಳೆಹಣ್ಣಿನ ಕವರು, ಬಲಗೈ ಪ್ಯಾಂಟಿನ ಜೇಬಿನಲ್ಲಿ.

"ನಲವತ್ತೊಂದು," ಎಂದುಬಿಟ್ಟೆ.

"ಹೌದ್ರಿ..." ಅವನು ನನ್ನನ್ನು ನಿಧಾನವಾಗಿ ನೋಡಿದ. "ನೀವು ಇಪ್ಪತ್ತೇಳಲ್ರಿ?"

ಹೇಳಿದೆ. ಮೂರು ವಾರವಾಯಿತು ಎಂದೆ. ಅವನು ಬಾಳೆಹಣ್ಣನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಹೋಗಿ, ಉಳಿದಿದ್ದ ನಾಲ್ಕು ಮಿಷನ್ನುಗಳಲ್ಲಿ ಒಂದರ ಮುಂದೆ ಕೂತ. ಅದು ಅವನದೇ ಮಿಷನ್ನು. ಸರ್ಟಿಫಿಕೇಟು ಇಲ್ಲದೆಯೇ ಅವನು ಕೆ.ಆರ್. ಪುರದಲ್ಲಿ ತಾಲ್ಲೂಕು ಕಚೇರಿಯ ಎದುರು ಕೂತು ಜನರ ಅರ್ಜಿ, ಕರಾರು ಪತ್ರ ಟೈಪ್ ಮಾಡಿಕೊಡುತ್ತ ಇಷ್ಟು ವರ್ಷ ಸಂಸಾರ ನಡೆಸಿದ್ದ. ಹಳೇ ಫೋನು ಸತ್ತ ಮೇಲೆ ದಿಕ್ಕು ತೋಚದೆ ಇದ್ದವನಿಗೆ ಯಾರೋ ಕಳಿಸಿದ ವಾಟ್ಸಾಪಿನಲ್ಲಿ ನಾನು ಹಾಕಿದ್ದ ವಿಳಾಸ ಸಿಕ್ಕಿತ್ತು.

"ಹತ್ತು ತಿಂಗಳಾತ್ರಿ, ಹಚ್ಚಿದ್ದೇ ಹಚ್ಚಿದ್ದು. ಮುಂಜಾನೆ ಹಚ್ಚಿದ್ರೂ ಲೈನ್ ಬ್ಯುಸಿ, ಸಂಜಿಕ ಹಚ್ಚಿದ್ರೂ ಲೈನ್ ಬ್ಯುಸಿ. ಮೇಷ್ಟ್ರಿಗೆ ಈಗ ಭಾಳ ಮಂದಿ ಅದಾರ, ಛಲೋ ಆತು ಅನ್ಕೊಂಡೆ. ಅಷ್ಟು ಮಂದಿ ನಡುವ ನಾ ಒಬ್ಬ ಯಾಕ ಅಂತ ಸುಮ್ನಾದೆ."

"ಇಲ್ಲಿಗೇ ಬರ್ಬಹುದಿತ್ತಲ್ಲ?"

"ಅವ್ರ ಮುಂದ ನಿಂದ್ರೂದು ನಂಗ ಆಗ್ತಿರ್ಲಿಲ್ರಿ. ಟೈಪ್ ಮಾಡಿದ್ರ ನಾನ ಅಂತ ಅವ್ರಿಗೆ ತಿಳೀತಿತ್ತು. ಅಷ್ಟ ಸಾಕಿತ್ತು. ಇನ್ನ ಲೈನ್ ಸಿಗೂದಿಲ್ಲ ಅಂತ ಖಾತ್ರಿ ಆದ ಮ್ಯಾಲ, ಇವತ್ತ ಮನಸ್ಸು ಗಟ್ಟಿ ಮಾಡಿ ಬಂದೆ."

ಇನ್ನು ಸುಳ್ಳು ಹೇಳುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ. ಬರುತ್ತಿದ್ದದ್ದು ಮಂದಿಯಲ್ಲ, ಯಂತ್ರಗಳು ಎಂದೆ. ನನಗೆ ಮೊದಲ ದಿನವೇ ಗೊತ್ತಿತ್ತು, ಮೇಷ್ಟ್ರು ಖುಷಿಯಾಗಿದ್ದಾರಲ್ಲ ಎಂದು ಅವರಿಗೆ ಹೇಳಲಿಲ್ಲ, ಅವಕ್ಕೆ ಬಾಗಿಲು ತೆರೆದಿಟ್ಟು ನಿಮ್ಮನ್ನು ಹೊರಗೆ ನಿಲ್ಲಿಸಿದವಳು ನಾನು ಎಂದೆ. ಅವನು ಬೈದಿದ್ದರೆ ಹಗುರವಾಗುತ್ತಿತ್ತು. "ಯಂತ್ರಾ?" ಎಂದು ಒಂದು ಸಲ ಕೇಳಿ ತಲೆ ತಗ್ಗಿಸಿದ.

ಅವನ ಮುಖ ನೋಡಲಾರದೆ ಮೇಜಿನ ಮೇಲಿದ್ದ ಹಾಜರಿ ಪುಸ್ತಕ ಎತ್ತಿಕೊಂಡೆ. ಅವರು ಅದರಲ್ಲಿ ಬರೆಯುವುದನ್ನು ಹತ್ತು ತಿಂಗಳು ನೋಡಿದ್ದೆ, ಏನು ಬರೆಯುತ್ತಾರೆ ಎಂದು ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಮೊದಲ ಪುಟದಲ್ಲಿ ನಾನು ಡಬ್ಬಿ ಕೂರಿಸಿದ ಮಾರನೆಯ ದಿನದ ತಾರೀಖು. ಕೆಳಗೆ ಕರೆ ಬಂದ ಹೊತ್ತು, ಮಧ್ಯಾಹ್ನದವರೆಗೇ ಹನ್ನೊಂದು ಸಾಲು. ಒಂದೊಂದು ಸಾಲಿನ ಮುಂದೆಯೂ ಅವರ ದುಂಡು ಅಕ್ಷರದಲ್ಲಿ ಒಂದೇ ಪದ. ಯಂತ್ರ. ಯಂತ್ರ. ಯಂತ್ರ.

ನಲವತ್ತು ವರ್ಷ ಕೈಗಳ ನಡಿಗೆ ಕೇಳಿದವರಿಗೆ, ನಡಿಗೆಯೇ ಇಲ್ಲದ್ದು ಬಂದರೆ ತಿಳಿಯದೆ ಇರುತ್ತದೆಯೇ? ತಿಳಿಯುವುದಿಲ್ಲ ಎಂದುಕೊಂಡಿದ್ದ ಜಾಣೆ ನಾನು. ಪುಟದ ಕೊನೆಯಲ್ಲಿ ಅವರು ಬರೆದಿದ್ದರು: "ಇಪ್ಪತ್ತೇಳಕ್ಕೆ ಹೇಳಬಾರದು. ಪಾಪ, ಇಷ್ಟು ಕಷ್ಟಪಟ್ಟು ಮಾಡಿಕೊಟ್ಟಿದ್ದಾಳೆ. ನೊಂದುಕೊಳ್ಳುತ್ತಾಳೆ."

ಪುಟ ತಿರುಗಿಸಿದೆ. ಅವನೂ ಎದ್ದು ಬಂದು ಪಕ್ಕದಲ್ಲಿ ನಿಂತಿದ್ದ. ದಿನದಿನವೂ ಹಾಗೆಯೇ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಯಂತ್ರಗಳನ್ನು ಒಂದೊಂದಾಗಿ ಬದಿಗಿಟ್ಟಿದ್ದರು. ನನ್ನ ಸಂತೋಷಕ್ಕೆ ಅವರು ಸುಮ್ಮನಿದ್ದರು, ಅವರ ಸಂತೋಷಕ್ಕೆ ನಾನು ಸುಮ್ಮನಿದ್ದೆ. ಪ್ರತಿ ದಿನದ ಕೊನೆಗೂ ಕೆಂಪು ಇಂಕಿನಲ್ಲಿ ಒಂದು ಸಾಲು ಇತ್ತು. 41, ಗೈರು. ಭಾನುವಾರ ಕೂಡ ಬಿಟ್ಟಿರಲಿಲ್ಲ. ಆಸ್ಪತ್ರೆಗೆ ಹೋದ ದಿನ ಅಕ್ಷರ ಸೊಟ್ಟಗಾಗಿತ್ತು, ಅಂದೂ 41, ಗೈರು.

ಅವನು ಜೇಬಿನಿಂದ ಬಲಗೈ ತೆಗೆದು ಆ ಕೆಂಪು ಸಾಲುಗಳ ಮೇಲೆ ಮೂರು ಬೆರಳು ಆಡಿಸಿದ. "ನಾ ಗೈರು ಇರ್ಲಿಲ್ರಿ," ಎಂದ. "ಬಾಗ್ಲಾಗ ಇದ್ದೆ."

ಮೇಷ್ಟ್ರು ನಿಮಗೆ ತಪ್ಪಾಯ್ತು ಅಂತ ಹೇಳ್ಬೇಕು ಅಂತಿದ್ರು, ಅರ್ಜಿಯ ವಿಷಯ, ಎಂದು ನಾನು ತಡವರಿಸಿಕೊಂಡು ಹೇಳಿದೆ. ಅವನು ಕಣ್ಣು ಒರೆಸಿಕೊಂಡ. "ಅದು ನಂಗ ಯಾವತ್ತೋ ಗೊತ್ತಿತ್ರಿ. ಸಿಟ್ಟು ಹೋಗಿತ್ತು ಅಂತ ಅವ್ರಿಗೆ ತಿಳೀಲಿ ಅಂತನ ಹಚ್ತಿದ್ದೆ."

ಅವನು ತನ್ನ ಮಿಷನ್ನಿನ ಹತ್ತಿರ ಹೋಗಿ, ಜಾರಿದ್ದ ಗವಸನ್ನು ಎಳೆದು ನಾಲ್ಕು ಮೂಲೆ ಸರಿ ಮಾಡಿದ. ಕುರ್ಚಿಯನ್ನು ಮೇಜಿನ ಕೆಳಗೆ ತಳ್ಳಿದ. ಬಾಳೆಹಣ್ಣನ್ನು ಮೇಷ್ಟ್ರ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಹೋದ.

ಶಿವಾಜಿನಗರದಿಂದ ತಂದ ಮೋಡೆಮ್ಮು ಈಗ ಸಿ.ವಿ. ರಾಮನ್ ನಗರದ ನಮ್ಮ ಮನೆಯ ಶೆಲ್ಫಿನ ಮೇಲೆ ಇದೆ. ಅದರ ಪಕ್ಕದಲ್ಲಿ ಮೇಷ್ಟ್ರ ಕಂಪ್ಯೂಟರು, ನಾನು ಮಾಡಿದ ಆ ಡಬ್ಬಿ. ಅವರು ಹೋದ ತಿಂಗಳಲ್ಲೇ ಬಾಗಿಲಿನ ಸಂಖ್ಯೆ ಬದಲಾಯಿಸಿದೆ. ಹತ್ತು ತಿಂಗಳು ನಾಳೆ ನಾಳೆ ಎಂದು ಮುಂದೂಡಿದ್ದ ಕೆಲಸ, ಕುಕ್ಕರ್ ಕೂಗುವಷ್ಟರಲ್ಲಿ ಮುಗಿಯಿತು. ಅಂದಿನಿಂದ ಒಂದು ಯಂತ್ರವೂ ಬಂದಿಲ್ಲ. ಹೊಸ ವಿಳಾಸವನ್ನು ಚೀಟಿಯಲ್ಲಿ ಬರೆದು ಕೆ.ಆರ್. ಪುರಕ್ಕೆ ಹೋಗಿ ಅವನೊಬ್ಬನಿಗೆ ಕೊಟ್ಟು ಬಂದೆ. ಅವನು ಅದನ್ನು ಓದಿ, ಮಡಿಸಿ, ಜೇಬಿನಲ್ಲಿಟ್ಟುಕೊಂಡ. ಒಮ್ಮೆಯೂ ಕರೆ ಮಾಡಿಲ್ಲ. ಯಾರಿಗೆ ಮಾಡಬೇಕು?

ಆದರೂ ನಾನು ಅದನ್ನು ಆರಿಸಿಲ್ಲ. ಸಂಜೆ ಐದಕ್ಕೆ ಕಾಫಿ ಲೋಟ ಹಿಡಿದು ಅದರ ಮುಂದೆ ಸ್ವಲ್ಪ ಹೊತ್ತು ಕೂರುತ್ತೇನೆ, ಬೆನ್ನು ನೆಟ್ಟಗೆ ಮಾಡಿಕೊಂಡು. ಪರದೆಯ ಮೇಲೆ ಏನೂ ಮೂಡುವುದಿಲ್ಲ. ಈಗ ಯಾವಾಗ ಹಚ್ಚಿದರೂ ಲೈನು ಖಾಲಿಯೇ ಇರುತ್ತದೆ.